ಭತ್ತದ ಕೋಣೆಯೊಳಗಿನ ಸ್ಟುಡಿಯೋ



ಕುಳೆ ಕಬ್ಬಿನ ರವದಿ ಸುಡಬ್ಯಾಡ್ರಿ ಅಂತ ಹೋದ ಸಲ ಬರೆದದ್ದಕ್ಕೆ ಬಹಳ ಮಂದಿ ಫೋನ್ ಹಚ್ಚಿ ಮಾತಾಡಿದ್ರಿ. ಅದರ ಮುಂದಿನ ಭಾಗ ಬರೀಬೇಕಂತಿದ್ದೆ. ಆದರೆ ಮೊನ್ನೆ ಹಳಿಯಾಳ ಪೇಟೆಗೆ ಗೊಬ್ಬರಕ್ಕೆ ಹೋದಾಗ ಮೂರು ಮಂದಿ ಬೇರೆ ಬೇರೆ ಕಡೆ ನಿಂತು ಒಂದೇ ಮಾತು ಕೇಳಿದರು. "ಏನ್ರೀ, ಮನ್ಯಾಗ ಫೋಟೋ ಸ್ಟುಡಿಯೋ ಇಟ್ಟೀರಂತ? ಕಬ್ಬು ಬಿಟ್ಟು ಚಂದನ ಹುಡುಗ್ಯಾರ ಫೋಟೋ ಹೊಡ್ಯಾಕತ್ತೀರಂತ?" ಅಂತ. ಒಬ್ಬರು ನಗುತ್ತಾ ಕೇಳಿದರು, ಇನ್ನೊಬ್ಬರು ನಗಲಿಲ್ಲ. ಊರಾಗ ಮಾತು ಬೆಳೆಯೋಕಿಂತ ಮೊದಲು ನಾನೇ ಬರೆದುಬಿಡೋದು ಒಳ್ಳೇದು ಅಂತ ಕೂತೀನಿ. ಇದರಾಗ ನನ್ನ ತಪ್ಪೂ ಒಂದು ಐತಿ, ಅದನ್ನೂ ಮುಚ್ಚಿಡೋದಿಲ್ಲ.

ಸ್ಟುಡಿಯೋ ಅಂದ್ರೆ ದೊಡ್ಡದೇನಲ್ಲ. ನಮ್ಮದು ಮಂಗಳೂರು ಹಂಚಿನ ಮನೆ. ಪಡಸಾಲೆ ದಾಟಿ ಎಡಕ್ಕೆ ಭತ್ತ ಇಡುವ ಕೋಣೆ, 10 ಅಡಿ ಉದ್ದ, 9 ಅಡಿ ಅಗಲ. ಉತ್ತರಕ್ಕೆ ಒಂದು ಕಿಟಕಿ, ಮೇಲೆ ಒಂದು ಗಾಜಿನ ಹಂಚು. ಸುಗ್ಗಿ ಮುಗಿದು ಮಾರೋ ಭತ್ತ ಮಾರಿದ ಮೇಲೆ ಊಟಕ್ಕೆ, ಬೀಜಕ್ಕೆ ಇಟ್ಟ ಚೀಲ ಒಂದು ಮೂಲೆಗೆ ಹತ್ತಿಕೊಂಡು ಉಳಿದ ಜಾಗ ಖಾಲಿ. ಆ ಖಾಲಿ ಜಾಗವೇ ಸ್ಟುಡಿಯೋ. ಜೂನ್ ಬಂತಂದ್ರೆ ಅದು ಬೀಜ, ಗೊಬ್ಬರದ ಕೋಣೆ.

ಸುರುವಾದದ್ದು ಮಗಳಿಂದ. ಆಕಿ ಪಿಯುಸಿ ಮುಗಿಸಿ ಎರಡು ವರ್ಷ ಮನ್ಯಾಗ ಇದ್ದಳು. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ನಿಮಗೆಲ್ಲ ಗೊತ್ತು, ನಮ್ಮ ಕಡೆಯ ಎಷ್ಟೋ ಹುಡುಗರು ಅಲ್ಲಿ ಹೈನುಗಾರಿಕೆ, ಮೊಬೈಲ್ ರಿಪೇರಿ ಕಲಿತು ಬಂದಾರೆ. ತರಬೇತಿ ಪುಕ್ಕಟೆ, ಊಟ ವಸತಿನೂ ಪುಕ್ಕಟೆ. ಮಗಳು ಅಲ್ಲಿ ಬ್ಯೂಟಿ ಪಾರ್ಲರ್ ತರಬೇತಿಗೆ ಸೇರಿದಳು. ನಾನು ಒಳಗೊಳಗೇ "ಇದೇನು ಕೆಲಸ" ಅಂದುಕೊಂಡಿದ್ದೆ, ಆದರೆ ತಡೀಲಿಲ್ಲ. ಮುಗಿಸಿಕೊಂಡು ಬಂದು ಸುತ್ತಲಿನ ಊರುಗಳಲ್ಲಿ ಮದುಮಗಳ ಅಲಂಕಾರಕ್ಕೆ ಹೋಗಾಕ ಸುರು ಮಾಡಿದಳು. ಒಂದು ಮದುವೆಗೆ ಬಂದ ದುಡ್ಡು ನೋಡಿ, ನಾನು ಒಂದು ಎಕರೆ ಗೋವಿನಜೋಳದಾಗ ಖರ್ಚು ಕಳೆದು ಎಷ್ಟು ಉಳಿಸ್ತೀನಿ ಅಂತ ಲೆಕ್ಕ ಹಾಕಿದೆ. ಆಮೇಲೆ ಲೆಕ್ಕ ಹಾಕೋದೇ ಬಿಟ್ಟೆ.

ಆದರೆ ಕೆಲಸ ಸಿಗಬೇಕಂದ್ರೆ ಮೊದಲು ಮಾಡಿದ ಕೆಲಸದ ಫೋಟೋ ತೋರಿಸಬೇಕು. ಫೋನ್ ಮಾಡಿದೋರೆಲ್ಲ ಕೇಳೋದು ಒಂದೇ, "ಫೋಟೋ ಕಳಸ್ರಿ". ಮದುವೆ ಮನ್ಯಾಗ ಗದ್ದಲ, ಪೆಂಡಾಲಿನ ಕೆಂಪು ಬಟ್ಟೆಯಿಂದ ಬೆಳಕು ಬಿದ್ದು ಮುಖ ಎಲ್ಲ ಕೆಂಪು. ಪೇಟೆಯ ಸ್ಟುಡಿಯೋಕ್ಕೆ ಕರಕೊಂಡು ಹೋಗೋದು ಪ್ರತಿ ಸಲ ಆಗೋ ಮಾತಲ್ಲ. ಅದಕ್ಕ ಒಂದು ದಿನ ಮಗಳು ಭತ್ತದ ಕೋಣೆ ಬಾಗಿಲಲ್ಲಿ ನಿಂತು "ಅಪ್ಪಾ, ಈ ಕಿಟಕಿ ಬೆಳಕು ಚಂದ ಐತಿ ನೋಡು" ಅಂದಳು. ಮುಂಜಾನೆ ಒಂಬತ್ತರ ಹೊತ್ತು. ನಾನು ಆ ಕೋಣೆಯಲ್ಲಿ ಮೂವತ್ತು ವರ್ಷ ಚೀಲ ಹೊತ್ತೀನಿ, ಬೆಳಕು ನೋಡಿದ್ದು ಅವತ್ತೇ.

ಮೊದಲ ದಿನ ಮಾಡಿದ್ದೆಲ್ಲ ತಪ್ಪು. ಬೆಳಕು ಹೆಚ್ಚಾದಷ್ಟು ಒಳ್ಳೇದು ಅಂತ ಟ್ಯೂಬ್‌ಲೈಟ್ ಹಾಕಿದೆ, ಕಿಟಕಿ ತೆಗೆದೆ, ಗಾಜಿನ ಹಂಚಿನ ಮೇಲಿನ ಧೂಳು ಸಾರಿಸಿದೆ. ಫೋಟೋ ಬಂತು ನೋಡ್ರಿ. ಮುಖದ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಸಿರು. ಗಾಜಿನ ಹಂಚಿನ ಬೆಳಕು ನೆತ್ತಿ ಮೇಲೆ ನೆಟ್ಟಗೆ ಬೀಳ್ತದೆ, ಹಣೆ ಮತ್ತು ಮೂಗು ಹೊಳೆದು ಕಣ್ಣು ಎರಡೂ ಕುಳಿ ಬಿದ್ದಂಗ ಕಾಣ್ತಾವು. ನಡುಮಧ್ಯಾಹ್ನ ಹೊಲದಾಗ ನಿಂತೋರ ಮುಖ ನೋಡ್ರಿ, ಹಂಗೇ ಇರ್ತದೆ. ಮರುದಿನ ಯೂರಿಯಾ ಚೀಲ ಬಿಚ್ಚಿ ಹಂಚಿನ ಕೆಳಗೆ ಕಟ್ಟಿದೆ, ಟ್ಯೂಬ್‌ಲೈಟ್ ಆರಿಸಿದೆ, ಕಿಟಕಿ ಒಂದನ್ನೇ ಇಟ್ಟುಕೊಂಡೆ. ಕುರ್ಚಿ ಕಿಟಕಿಯಿಂದ ಮೂರು ಅಡಿಗೆ. ಕಿಟಕಿಯ ಎದುರು ಬದಿಗೆ ಫ್ರಿಜ್ ತಂದಾಗ ಬಂದಿದ್ದ ಥರ್ಮೋಕೋಲ್ ಹಲಗೆಯನ್ನು ಭತ್ತದ ಚೀಲಕ್ಕೆ ಆನಿಸಿ ನಿಲ್ಲಿಸಿದೆ. ಅದು ಕಿಟಕಿ ಬೆಳಕನ್ನೇ ತಿರುಗಿಸಿ ನೆರಳಿನ ಕೆನ್ನೆಗೆ ಕೊಡ್ತದೆ. ಹಿಂದೆ ನನ್ನ ಬಿಳಿ ಪಂಚೆ. ಇಷ್ಟೇ ಸಾಮಾನು. ಖರ್ಚು ಆದದ್ದು ಫೋನ್ ಹಿಡಿಯೋ ಸ್ಟ್ಯಾಂಡಿಗೆ 450 ರೂಪಾಯಿ.

ಇಲ್ಲಿಗೆ ನನ್ನ ತಪ್ಪಿನ ಮಾತು ಹೇಳಬೇಕು. ಇದು ಎರಡು ವರ್ಷ ಹಿಂದಿನದು.

ಮಗಳಿಗೆ ವರ ನೋಡಾಕ ಸುರು ಮಾಡಿದ್ದೆವು. ಬಯೋಡೇಟಾದ ಜೊತಿ ಫೋಟೋ ಬೇಕು. ಮಗಳು ನನ್ನಂಗೇ ಕಪ್ಪು. ಎಡಗಣ್ಣಿನ ಹುಬ್ಬಿನ ಮೇಲೆ ಒಂದು ಗಾಯದ ಕಲೆ ಐತಿ, ಆರು ವರ್ಷದವಳಿದ್ದಾಗ ಕೊಟ್ಟಿಗೆ ಬಾಗಿಲು ಬಡಿದದ್ದು. ಪಡಸಾಲೆಯಲ್ಲಿ ನಿಲ್ಲಿಸಿ ಫೋಟೋ ತೆಗೆದೆ. ಫೋನಿನಾಗ ಬ್ಯೂಟಿ ಅಂತ ಒಂದು ಗೆರೆ ಬರ್ತದಲ್ಲ, ಅದನ್ನು ಬೆರಳಿನಿಂದ ತುದಿ ತನಕ ಎಳೆದೆ. ಮುಖ ಬೆಳ್ಳಗಾತು. ಕಲೆ ಹೋತು. ಗದ್ದ ಸಣ್ಣದಾತು. ನನಗೆ ಖುಷಿ ಆತು. ಮಗಳಿಗೆ ತೋರಿಸಲೂ ಇಲ್ಲ, ನಾಲ್ಕು ಕಡೆ ಕಳಿಸಿಬಿಟ್ಟೆ.

ಒಂದು ಕಡೆಯಿಂದ ನೋಡಾಕ ಬಂದರು. ಉಪ್ಪಿಟ್ಟು, ಚಹಾ ಆತು. ಮಗಳು ಬಂದು ಕೂತಳು. ಹುಡುಗನ ಕಡೆಯ ಹಿರಿಯ ಹೆಣ್ಣುಮಗಳೊಬ್ಬರು ಫೋನ್ ತೆಗೆದು ಒಮ್ಮೆ ಅದನ್ನು ನೋಡಿದರು, ಒಮ್ಮೆ ಮಗಳನ್ನು ನೋಡಿದರು. ಮತ್ತೊಮ್ಮೆ ನೋಡಿದರು. "ಫೋಟೋದಾಗ ಬ್ಯಾರೆ ಕಂಡಿದ್ಲು" ಅಂದರು. ಅಷ್ಟೇ. ಜಗಳ ಇಲ್ಲ, ಏನಿಲ್ಲ. ಚಹಾ ಕುಡಿದು ಎದ್ದರು. ಆಮೇಲೆ ಅವರ ಫೋನ್ ಬರಲಿಲ್ಲ.

ನಾನು ಅವರನ್ನು ಬೈದೆ. ಬಣ್ಣ ನೋಡಾಕ ಬಂದೋರು, ಗುಣ ನೋಡೋರಲ್ಲ ಅಂದೆ. ಮಗಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ದನಕ್ಕ ಹಿಂಡಿ ನೆನೆಸುವಾಗ ನನ್ನ ಮುಖ ನೋಡದೇ ಅಂದಳು, "ಅಪ್ಪಾ, ಅವರು ನನ್ನ ಬ್ಯಾಡ ಅಂದದ್ದಕ್ಕ ನನಗ ಬ್ಯಾಸರ ಇಲ್ಲ. ಅವರಿಗಿಂತ ಮೊದಲ ನೀನ ನನ್ನ ಬ್ಯಾಡ ಅಂದಿದ್ದಿ."

ಬಕೆಟ್ ಹಿಡಕೊಂಡು ನಿಂತೆ. ಹೇಳಾಕ ನನ್ನ ಹತ್ರ ಏನೂ ಇರಲಿಲ್ಲ. ವಿಚಾರ ಮಾಡ್ರಿ, ಚೀಲದ ಬಾಯಿಗೆ ಒಳ್ಳೇ ಕಾಳು ಇಟ್ಟು ತಳಕ್ಕೆ ಜೊಳ್ಳು ತುಂಬಿದೋನನ್ನು ನಾವು ಏನಂತ ಕರೀತೀವಿ? ನಾನು ಅದಕ್ಕಿಂತ ಕೆಟ್ಟದ್ದು ಮಾಡಿದ್ದೆ. ನನ್ನ ಮಗಳು ಜೊಳ್ಳಾಗಿರಲಿಲ್ಲ. ಗಟ್ಟಿ ಕಾಳಿನ ಮೇಲೆ ನಾನೇ ಬೇರೆ ಕಾಳು ಹಚ್ಚಿ ತೋರಿಸಿದ್ದೆ.

ಆಕಿ ಬ್ಯೂಟಿ ಪಾರ್ಲರ್ ತರಬೇತಿಗೆ ಸೇರಿದ್ದು ಇದಾದ ಮೂರು ತಿಂಗಳಿಗೆ. ಬೆಳ್ಳಗಾಗೋದು ಕಲಿಯಾಕ ಹೊಂಟಾಳ ಅಂದುಕೊಂಡಿದ್ದೆ. ಅಲ್ಲ ಅಂತ ಆಮೇಲೆ ತಿಳೀತು.

ಈಗ ಸ್ಟುಡಿಯೋದ ಮಾತಿಗೆ ಬರೋಣ. ತರಬೇತಿಯಲ್ಲಿ ಮಗಳಿಗೆ ಒಬ್ಬ ಗೆಳತಿ ಆದಳು. ಸಿದ್ದಿ ಹುಡುಗಿ, ನಮ್ಮೂರಿಂದ ನಾಲ್ಕು ಕಿಲೋಮೀಟರ್ ದೂರ ಕಾಡಿನ ಅಂಚಿನ ವಾಡಾದಾಕಿ. ಆಕಿ ಅವ್ವ ನಮ್ಮ ಹೊಲಕ್ಕ ನಾಟಿಗೆ ಬರ್ತಿದ್ದರು, ನನಗೆ ಮೊದಲಿಂದ ಪರಿಚಯ. ಇಬ್ಬರೂ ಜೊತಿಯಾಗಿ ಕೆಲಸ ಮಾಡೋದು ಅಂತ ಮಾತಾಡಿಕೊಂಡಿದ್ದರು. ಒಂದು ರವಿವಾರ ಮಗಳು ಆಕಿಗೆ ಅಲಂಕಾರ ಮಾಡಿ ಪಂಚೆ ಮುಂದೆ ಕೂರಿಸಿದಳು. ನಾನು ಫೋನ್ ಒತ್ತಿದೆ.

ಪಂಚೆ ಚಂದ ಬಂತು. ಒಂದೊಂದು ನೂಲೂ ಕಾಣ್ತಿತ್ತು. ಹುಡುಗಿಯ ಮುಖ ಮಾತ್ರ ಬರೇ ನೆರಳು. ಕಣ್ಣಿನ ಬಿಳುಪು, ಹಲ್ಲು, ಕಿವಿಯ ಝುಮಕಿ, ಇಷ್ಟೇ. ಮಗಳು ಅರ್ಧ ತಾಸು ಕೂತು ಬಳಿದ ಬಣ್ಣ, ತಿದ್ದಿದ ಹುಬ್ಬು ಏನೂ ಇಲ್ಲ. ಫೋನಿನಾಗ ಬೆಳಕು ಹೆಚ್ಚು ಮಾಡಿದೆವು. ಆಗ ಮುಖ ಬೂದಿ ಬಡಿದಂಗ ಆತು. ಹುಡುಗಿ ನೋಡಿ ನಕ್ಕಳು. "ಇರ್ಲಿ ಬಿಡ್ರಿ ಕಾಕಾ, ನಂದು ಯಾವಾಗ್ಲೂ ಹಿಂಗ ಬರ್ತದ. ಆಧಾರ ಕಾರ್ಡಿನಾಗೂ ಹಿಂಗ ಐತಿ" ಅಂದಳು. ನಕ್ಕಳು ಹೌದು, ಆದರೆ ಎದ್ದು ಹೋಗಿ ಬಾನಿ ನೀರಿನಾಗ ಮುಖ ತೊಳಕೊಂಡು ಬಂದಳು.

"ಯಾವಾಗ್ಲೂ ಹಿಂಗ" ಅನ್ನೋ ಮಾತು ನನಗೆ ರಾತ್ರಿ ನಿದ್ದೆ ಕೊಡಲಿಲ್ಲ. ಒಂದು ಹೊಲದಾಗ ಯಾವಾಗಲೂ ಬೆಳೆ ಬರೋದಿಲ್ಲ ಅಂದ್ರೆ ಹೊಲದ ದೋಷ ಅಂತ ಬಿಟ್ಟುಬಿಡ್ತೀವೇನು? ಮಣ್ಣು ನೋಡ್ತೀವಿ, ನೀರು ನೋಡ್ತೀವಿ, ಬೀಜ ನೋಡ್ತೀವಿ.

ದಾಂಡೇಲಿಯಲ್ಲಿ ನನಗೆ ಪರಿಚಯದ ಒಬ್ಬ ಜೀಪ್ ಚಾಲಕ ಇದ್ದಾನೆ. ಮಂಗಟ್ಟೆ ಹಕ್ಕಿ ಫೋಟೋ ತೆಗೆಯಾಕ ಬರೋ ದೊಡ್ಡ ಕ್ಯಾಮೆರಾದೋರನ್ನು ಕರಕೊಂಡು ಹೋಗ್ತಾನೆ, ಅವರ ಜೊತಿ ಇದ್ದು ಇದ್ದು ತಾನೂ ಕಲಿತಾನೆ. ಅವನಿಗೆ ಫೋಟೋ ತೋರಿಸಿದೆ. ಅವನು ನೋಡಿದ ಕೂಡಲೇ ಅಂದ: "ತಪ್ಪು ಪಂಚೆದು. ಹಿಂದ ಬೆಳ್ಳಗ ಇದ್ರ ಕ್ಯಾಮೆರಾ ಕಣ್ಣು ಕುಕ್ಕಿಸಿಕೊಂಡು ಎಲ್ಲಾ ಕತ್ತಲ ಮಾಡ್ತದ. ಹಕ್ಕಿ ಬಿಳೇ ಆಕಾಶದ ಮುಂದ ಕೂತ್ರ ಬರೇ ನೆರಳು ಬರ್ತದ, ಗಿಡದ ಮುಂದ ಕೂತ್ರ ಗರಿ ಗರಿ ಎಣಿಸಬಹುದು. ಹಕ್ಕಿ ಅದ, ಕ್ಯಾಮೆರಾನೂ ಅದ." ಆಮೇಲೆ ಇನ್ನೊಂದು ಹೇಳಿದ. ಕ್ಯಾಮೆರಾಕ್ಕೆ ಮುಖ, ಗೋಡೆ, ಬಟ್ಟೆ ಅನ್ನೋ ಭೇದ ತಾನಾಗಿ ಅಷ್ಟು ತಿಳಿಯೋದಿಲ್ಲ. ಎದುರಿಗೆ ಕಂಡದ್ದನ್ನೆಲ್ಲ ಕೂಡಿಸಿ ನಡುವಿನ ಬೂದು ಬಣ್ಣದ ಮಟ್ಟಕ್ಕೆ ತರಾಕ ನೋಡ್ತದೆ. ಬಿಳಿ ಜಾಸ್ತಿ ಇದ್ದರೆ ಎಲ್ಲವನ್ನೂ ಕತ್ತಲು ಮಾಡ್ತದೆ, ಕಪ್ಪು ಜಾಸ್ತಿ ಇದ್ದರೆ ಎಲ್ಲವನ್ನೂ ಬೆಳ್ಳಗೆ ಮಾಡ್ತದೆ.

ಇದನ್ನು ಹುಡುಕಿ ಓದುತ್ತಾ ಹೋದಾಗ ಇನ್ನೊಂದು ಸಂಗತಿ ಸಿಕ್ಕಿತು. ನಮಗೆಲ್ಲ ಭತ್ತದ ಎಲೆ ಬಣ್ಣದ ಪಟ್ಟಿ ಗೊತ್ತೈತಿ. ಎಲೆಯನ್ನು ಪಟ್ಟಿಯ ಹಸಿರಿಗೆ ಹಿಡಿದು ನೋಡಿ ಯೂರಿಯಾ ಹಾಕಬೇಕೋ ಬ್ಯಾಡೋ ಅಂತ ತೀರ್ಮಾನ ಮಾಡ್ತೀವಿ. ಅಂಥದೇ ಪಟ್ಟಿ ಫೋಟೋದವರ ಹತ್ರನೂ ಇತ್ತು. ಅಮೆರಿಕದ ಕೊಡಾಕ್ ಕಂಪನಿ 1950ರ ದಶಕದಿಂದ ಫೋಟೋ ತೊಳೆಯೋ ಲ್ಯಾಬುಗಳಿಗೆ ಒಂದು ಹೆಣ್ಣುಮಗಳ ಫೋಟೋ ಕಾರ್ಡ್ ಕೊಡ್ತಿತ್ತು. ಮೊದಲು ಕೂತ ಹೆಣ್ಣುಮಗಳ ಹೆಸರಿನ ಮೇಲೆ ಅದಕ್ಕೆ ಶರ್ಲಿ ಕಾರ್ಡ್ ಅಂತಲೇ ಹೆಸರಾತು. ಆಮೇಲೆ ಬೇರೆ ಬೇರೆಯವರು ಕೂತರೂ ಬಹಳ ವರ್ಷ ಎಲ್ಲರೂ ಬಿಳಿ ಚರ್ಮದವರೇ. ಆ ಮುಖದ ಬಣ್ಣ ಸರಿ ಬಂದರೆ ಯಂತ್ರ ಸರಿ ಐತಿ ಅಂತ ಲೆಕ್ಕ. ಕಪ್ಪು ಜನರ ಮುಖ ನೆರಳಾಗಿ ಬಂದರೆ ಯಾರೂ ಯಂತ್ರ ತಿದ್ದಲಿಲ್ಲ. ಮರದ ಸಾಮಾನು ಮಾರೋರು, ಚಾಕೊಲೇಟ್ ಮಾರೋರು ತಮ್ಮ ಜಾಹೀರಾತಿನಾಗ ಕಂದು ಬಣ್ಣದ ಭೇದ ಸರಿ ಬರೋದಿಲ್ಲ ಅಂತ ತಕರಾರು ಮಾಡಿದ ಮೇಲೆ ಫಿಲ್ಮ್ ಸುಧಾರಿಸಿತಂತೆ. ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಮನುಷ್ಯರ ಮುಖಕ್ಕೆ ಆಗದ ಕೆಲಸ ಕುರ್ಚಿಗೂ ಚಾಕೊಲೇಟಿಗೂ ಆತು. ಮೊಬೈಲಿನಾಗಂತೂ 2021ರಲ್ಲಿ ಗೂಗಲ್‌ನವರು ಎಲ್ಲ ಬಣ್ಣದ ಚರ್ಮವೂ ಸರಿ ಬರಬೇಕು ಅಂತ ಪಿಕ್ಸೆಲ್ ಫೋನಿನ ಕ್ಯಾಮೆರಾ ತಿದ್ದಿದರು.

ನಾವು ಎಲೆ ಪಟ್ಟಿ ಹಿಡಿಯುವಾಗ ಏನು ಮಾಡ್ತೀವಿ? ಬಿಸಿಲಿಗೆ ಬೆನ್ನು ಮಾಡಿ ನಮ್ಮ ಮೈನೆರಳಿನಾಗ ಎಲೆ ಹಿಡೀತೀವಿ, ಮುಂಜಾನೆ ಅದೇ ಹೊತ್ತಿಗೆ, ಅದೇ ಮನುಷ್ಯ ನೋಡಬೇಕು. ತಳಿ ಬದಲಾದರೆ ಪಟ್ಟಿಯ ಅಂಕಿನೂ ಬದಲಾಗ್ತದೆ. ಒಂದು ತಳಿಯ ಹಸಿರನ್ನೇ ಎಲ್ಲ ತಳಿಗೂ ಹಚ್ಚಿದರೆ ಚೆನ್ನಾಗಿರೋ ಬೆಳೆಗೂ ಗೊಬ್ಬರ ಸುರಿದು ಹಾಳು ಮಾಡ್ತೀವಿ. ಮುಖಕ್ಕೂ ಅಷ್ಟೇ. ನಮ್ಮ ದೇಶದಾಗ 1975ರಿಂದ ಫೇರ್ ಅಂಡ್ ಲವ್ಲಿ ಮಾರಿದರು. 2020ರಲ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಮಾಡಿದರು. ಟ್ಯೂಬಿನ ಮೇಲಿನ ಹೆಸರು ಬದಲಾತು, ನನ್ನಂಥೋರ ಬೆರಳಿನಾಗ ಮಾತ್ರ ಆ ಪಟ್ಟಿ ಹಂಗೇ ಉಳಿದಿತ್ತು.

ಮುಂದಿನ ರವಿವಾರ ಹುಡುಗಿಯನ್ನು ಮತ್ತೆ ಕರೆದೆವು. ಬರಾಕ ಒಪ್ಪಲಿಲ್ಲ. ಮಗಳು ತಾನೇ ಸ್ಕೂಟಿ ತಗೊಂಡು ಹೋಗಿ ಕರಕೊಂಡು ಬಂದಳು. ಈ ಸಲ ಪಂಚೆ ತೆಗೆದು ನಮ್ಮಪ್ಪನ ಕರೀ ಕಂಬಳಿ ಕಟ್ಟಿದೆ. ಗೋಡೆಯಿಂದ ನಾಲ್ಕು ಅಡಿ ಮುಂದೆ ಕುರ್ಚಿ. ಕಿಟಕಿ ಪಕ್ಕಕ್ಕೆ ಬರಬೇಕು, ಎದುರಿಗಲ್ಲ. ಥರ್ಮೋಕೋಲ್ ಇನ್ನೊಂದು ಬದಿಗೆ, ಮೊದಲಿಗಿಂತ ಹತ್ತಿರ. ಮಗಳು ಈ ಸಲ ಬಿಳಿ ಪುಡಿ ಮುಟ್ಟಲಿಲ್ಲ. ಹುಬ್ಬಳ್ಳಿಯಿಂದ ಆಕಿ ಚರ್ಮದ ಬಣ್ಣಕ್ಕೆ ಹೊಂದೋ ಡಬ್ಬಿ ತರಿಸಿದ್ದಳು. ಪೇಟೆಯ ಅಂಗಡಿಯೊಳಗ ಆ ಬಣ್ಣ ಇರಲೇ ಇಲ್ಲ, ಅದೂ ಒಂದು ಮಾತು. ಮುಖಕ್ಕೆ ಬಹಳ ತೆಳ್ಳಗೆ ಹಚ್ಚಿ, ಕೆನ್ನೆಯ ಎಲುಬಿನ ಮೇಲೆ ಒಂಚೂರು ಎಣ್ಣೆಯ ಹೊಳಪು ಬಿಟ್ಟಳು. ಕಪ್ಪು ಚರ್ಮದ ಚೆಲುವು ಹೊಳಪಿನಾಗ ಐತಿ, ಅದನ್ನು ಪುಡಿ ಹಾಕಿ ಮುಚ್ಚಬಾರದು ಅಂತ ಆಕಿ ಕಲಿತಿದ್ದಳು.

ನಾನು ಫೋನಿನಾಗ ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿದೆ. ಹಿಂದೆ ಕಂಬಳಿ ಇದ್ದದ್ದಕ್ಕೆ ಫೋನ್ ಈಗ ಎಲ್ಲವನ್ನೂ ಬೆಳ್ಳಗೆ ಮಾಡಾಕ ನೋಡ್ತಿತ್ತು, ಅದಕ್ಕ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆದೆ. ಹತ್ತಿರ ಹೋಗಲಿಲ್ಲ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದು, ಕಿವಿ ಸಣ್ಣದು ಆಗ್ತದೆ. ಆರು ಅಡಿ ದೂರ ನಿಂತು ಎರಡರ ಝೂಮ್ ಇಟ್ಟೆ. "ನಗಬೇಕಾ ಕಾಕಾ?" ಅಂತ ಕೇಳಿದಳು. "ನಿನಗ ಹೆಂಗ ಬೇಕೋ ಹಂಗ ಕೂಡವ್ವಾ" ಅಂದೆ. ನಗಲಿಲ್ಲ. ಕಿಟಕಿ ಕಡೆ ನೋಡಿದಳು.

ಆ ಫೋಟೋ ಹೆಂಗ ಬಂತು ಅಂತ ಮಾತಿನಾಗ ಹೇಳಾಕ ನನಗೆ ಬರೋದಿಲ್ಲ. ಮಳೆ ಬಿದ್ದ ಮರುದಿನ ಎರೆ ಹೊಲ ನೇಗಿಲು ತಿರುವಿದಾಗ ಹೊಳೀತದಲ್ಲ, ಆ ಬಣ್ಣ ನೆನಪಾತು. ಕಪ್ಪು ಅಂದರೆ ಒಂದೇ ಬಣ್ಣ ಅಂತ ತಿಳಕೊಂಡಿದ್ದೆ. ಆ ಮುಖದಾಗ ಕೆಂಪು ಇತ್ತು, ಕಂದು ಇತ್ತು, ಹಣೆಯ ಮೇಲೆ ನೀಲಿನೂ ಇತ್ತು.

ಹುಡುಗಿ ಫೋನ್ ಕೈಗೆ ತಗೊಂಡು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಆಮೇಲೆ ಅಂದಳು: "ಕಾಕಾ, ರೆಸಾರ್ಟಿನಾಗ ನಮ್ಮವರು ಡಮಾಮಿ ಕುಣಿಯುವಾಗ ಬಂದೋರೆಲ್ಲ ಫೋಟೋ ಹೊಡ್ಕೊಂಡು ಹೋಗ್ತಾರ. ನಂದ ನೂರಾರು ಫೋಟೋ ಬೆಂಗಳೂರಾಗ, ಗೋವಾದಾಗ ಯಾರ್‌ಯಾರ ಫೋನಿನಾಗೋ ಇರಬೇಕು. ನನ್ನ ಕೈಯಾಗ ಒಂದೂ ಇಲ್ಲ. ಇದು ಮೊದಲನೇದು."

ಸಂಜೆ ಆಕಿ ಅವ್ವ ಮಗಳನ್ನು ಕರಕೊಂಡು ಹೋಗಾಕ ಬಂದರು. ಫೋಟೋ ತೋರಿಸಿದೆವು. ಬಹಳ ಹೊತ್ತು ನೋಡಿದರು. ನಾವು ಚಂದ ಐತಿ ಅಂತಾರ ಅಂತ ಕಾಯ್ತಿದ್ದೆವು. ಅವರು "ನಮ್ಮವ್ವನಂಗ ಕಾಣಾಕತ್ತಾಳ" ಅಂದರು. ಅವರ ಅವ್ವ ತೀರಿಕೊಂಡು ಹನ್ನೆರಡು ವರ್ಷ. ಒಂದೂ ಫೋಟೋ ಇಲ್ಲ. ಆ ಮುಖ ನೆನಪು ಹಾರಿ ಹೊಂಟಿತ್ತಂತೆ, ಈಗ ಮಗಳ ಫೋಟೋದಾಗ ವಾಪಸ್ ಬಂತಂತೆ.

ಅವತ್ತು ನನಗೆ ನಮ್ಮವ್ವನ ಫೋಟೋ ನೆನಪಾತು. ನಮ್ಮ ಪಡಸಾಲೆಗೆ ಬಂದೋರು ನೋಡೀರಿ, ಹಾರ ಹಾಕಿದ್ದು. ಅವ್ವ ಬದುಕಿದ್ದಾಗ ಯಾರೂ ಆಕಿ ಫೋಟೋ ತೆಗೆಯಲಿಲ್ಲ. ತೀರಿಕೊಂಡ ಮೇಲೆ ಮತದಾರ ಚೀಟಿಯ ಅಂಚೆಚೀಟಿ ಅಳತೆಯ ಫೋಟೋ ಒಯ್ದು ಪೇಟೆಯಲ್ಲಿ ದೊಡ್ಡದು ಮಾಡಿಸಿದೆ. ಮುಖ ಬೆಳ್ಳಗೆ ಮಾಡಿ, ಯಾರದೋ ಹಸಿರು ರೇಷ್ಮೆ ಸೀರೆ ಜೋಡಿಸಿ ಕೊಟ್ಟರು. ಆ ಸೀರೆ ನಮ್ಮವ್ವ ಜನ್ಮದಾಗ ಉಟ್ಟಿಲ್ಲ. ದಿನಾ ದೀಪ ಹಚ್ಚಿ ಕೈ ಮುಗಿಯೋದು ಅರ್ಧ ನಮ್ಮವ್ವಗ, ಅರ್ಧ ಯಾರಿಗೋ. ಅವ್ವನ ಕೈ ಹೆಂಗಿದ್ದವು ಅಂತ ನನ್ನ ಮಗಳಿಗೆ ಗೊತ್ತಿಲ್ಲ.

ಅದಕ್ಕ ಸ್ಟುಡಿಯೋದ ಕೆಲಸ ಈಗ ಎರಡು ಥರ ಆಗೈತಿ. ಮಗಳು ಮತ್ತು ಆಕಿ ಗೆಳತಿ ಮದುಮಗಳ ಅಲಂಕಾರದ ಫೋಟೋ ತೆಗೆಯೋದು ಒಂದು. ಅವರು ಈಗ ನನಗಿಂತ ಚಂದ ತೆಗೀತಾರ, ನಾನು ಬರೇ ಥರ್ಮೋಕೋಲ್ ಹಿಡಿಯೋ ಆಳು. ಹೆಣ್ಣುಮಕ್ಕಳು ಬಂದಾಗ ಬಾಗಿಲ ಹೊರಗೇ ಇರ್ತೀನಿ, ಕರೆದರೆ ಮಾತ್ರ ಒಳಗೆ. ಪೇಟೆಯಲ್ಲಿ ನಗದೇ ಕೇಳಿದೋರಿಗೆ ಇದು ಉತ್ತರ. ಇನ್ನೊಂದು ಕೆಲಸ, ಊರಿನ ಹಿರಿಯರ ಫೋಟೋ. ಇದು ನನ್ನದು, ದುಡ್ಡಿಲ್ಲ. ಇಲ್ಲಿ ತನಕ ಹನ್ನೊಂದು ಮಂದಿ ಕೂತಾರ. ಸಿದ್ದಿ ಹುಡುಗಿಯ ಅವ್ವ ತಾವೇ ಹೊಲಿದ ಕೌದಿಯನ್ನು ತೊಡೆ ಮೇಲೆ ಹಾಸಿಕೊಂಡು ಕೂತರು. ಮಕ್ಕಳ ಲಂಗ, ಗಂಡನ ಅಂಗಿ, ಹಳೇ ಸೀರೆ ಎಲ್ಲಾ ಆ ಕೌದಿಯೊಳಗ ಅದಾವು. ಗೌಳಿ ಅಜ್ಜ ಒಬ್ಬರು ಪೇಟಾ ಸುತ್ತಿಕೊಂಡು ಬಂದರು, ಕೋಲು ಬಿಡಲಿಲ್ಲ, ಕೋಲು ಸಮೇತ ತೆಗೆದೆ.

ಎಲ್ಲರಿಗಿಂತ ಕಠಿಣ ನಮ್ಮ ಮನಿಯಾಕಿ. ಮದುವೆಯಾಗಿ 28 ವರ್ಷ, ಇರೋ ಒಂದೇ ಚಂದನ ಫೋಟೋ ಅಂದ್ರೆ ಮದುವೆಯದು. ಅದರಾಗೂ ಬಾಸಿಂಗ ಕಟ್ಟಿಕೊಂಡು ತಲಿ ಬಗ್ಗಿಸಿ ಕೂತಾಳ, ಮುಖ ಕಾಣೋದಿಲ್ಲ. "ಹಲ್ಲು ಬಿದ್ದಾವ, ಈಗ್ಯಾತಕ್ಕ ಫೋಟೋ" ಅಂತ ಆರು ತಿಂಗಳು ಮುಂದೂಡಿದಳು. ಕಡೀಕ ಒಂದು ದಿನ ಭತ್ತ ಕೇರಿ ಎದ್ದವಳು ಮರ ಕೈಯಾಗಿದ್ದಂಗೇ ಬಂದು ಕುರ್ಚಿ ಮೇಲೆ ಕೂತು "ತೆಗೀರಿ, ಲಗೂನ" ಅಂದಳು. ಮಗಳು ಅಲಂಕಾರದ ಪೆಟ್ಟಿಗೆ ತೆಗೆಯಾಕ ಹೋದವಳು, ಅವ್ವನ ಮುಖ ನೋಡಿ ಮತ್ತೆ ಮುಚ್ಚಿದಳು. ಕೂದಲಿಗೆ ಹತ್ತಿದ ಹೊಟ್ಟು ಮಾತ್ರ ಬೆರಳಿನಿಂದ ತೆಗೆದಳು.

ಮಗಳ ಬಯೋಡೇಟಾಕ್ಕೂ ಅದೇ ಕಂಬಳಿ ಮುಂದೆ ಹೊಸ ಫೋಟೋ ತೆಗೆದೀನಿ. ಬ್ಯೂಟಿ ಗೆರೆ ಮುಟ್ಟಿಲ್ಲ. ಹುಬ್ಬಿನ ಕಲೆ ಕಾಣ್ತದೆ. ಯಾವ ಫೋಟೋ ಹೋಗಬೇಕು ಅಂತ ಆರಿಸಿದ್ದು ಆಕಿನೇ, ಕಳಿಸಿದ್ದು ನಾನು. ಎರಡು ಕಡೆಯಿಂದ ಉತ್ತರ ಬಂದಿಲ್ಲ. ಮೂರನೇ ಕಡೆಯೋರು ಉಳವಿ ಜಾತ್ರೆ ಮುಗಿಸಿಕೊಂಡು ಬರ್ತೀವಿ ಅಂದಾರ. ಬಂದರೆ ಉಪ್ಪಿಟ್ಟು, ಚಹಾ. ಬಂದೋರು ಫೋನ್ ತೆಗೆದು ನೋಡಿದರೂ ಈ ಸಲ ನಾನು ನೆಲ ನೋಡೋದಿಲ್ಲ.

ಮನ್ಯಾಗ ಮಾಡಿ ನೋಡೋರಿಗೆ ಕಲಿತದ್ದನ್ನು ಬರೀತೀನಿ:

1. ಉತ್ತರದ ಕಿಟಕಿ ಒಳ್ಳೇದು, ನೇರ ಬಿಸಿಲು ಬೀಳೋದಿಲ್ಲ. ಮೇ ಮೊದಲ ವಾರದಿಂದ ಮಧ್ಯಾಹ್ನದ ಸೂರ್ಯ ನಮ್ಮ ಕಡೆ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೆ ವಾಲ್ತಾನೆ, ಆಗ ಬಿಸಿಲು ಇಣುಕಿದರೆ ಕಿಟಕಿಗೆ ತೆಳ್ಳನ ಬಿಳಿ ಬಟ್ಟೆ ಕಟ್ಟಿರಿ. ಮಳೆಗಾಲದ ಮೋಡದ ಬೆಳಕು ಎಲ್ಲಕ್ಕಿಂತ ಚಂದ.

2. ಒಂದೇ ಥರದ ಬೆಳಕು ಇರಲಿ. ಕಿಟಕಿ ತೆಗೆದರೆ ಬಲ್ಬ್ ಆರಿಸಿರಿ.

3. ಕುರ್ಚಿ ಕಿಟಕಿಯಿಂದ ಮೂರು ಅಡಿಗೆ. ಹಿಂದಕ್ಕೆ ಸರಿದಂಗ ಬೆಳಕು ನೀವು ಅಂದುಕೊಂಡದ್ದಕ್ಕಿಂತ ಬೇಗ ಕಡಿಮೆ ಆಗ್ತದೆ.

4. ಕಪ್ಪು ಮುಖಕ್ಕೆ ಹಿಂದೆ ಬಿಳಿ ಬ್ಯಾಡ. ಕಂಬಳಿ, ಗಾಢ ಬಣ್ಣದ ಸೀರೆ, ಸಗಣಿ ಸಾರಿಸಿದ ಗೋಡೆ ನಡೀತದೆ. ಮುಖದ ಮೇಲೆ ಬೆರಳಿಟ್ಟು ಒತ್ತಿ, ಬೆಳಕು ಕೈಯಿಂದ ಹೊಂದಿಸಿರಿ.

5. ಕ್ಯಾಮೆರಾ ಕೂತೋರ ಕಣ್ಣಿನ ಎತ್ತರಕ್ಕೆ ಇರಲಿ. ಹಿರಿಯರನ್ನು ನಿಂತುಕೊಂಡು ಮೇಲಿನಿಂದ ತೆಗೆಯಬ್ಯಾಡ್ರಿ, ಸಣ್ಣೋರಂಗ ಕಾಣ್ತಾರ.

6. ಬ್ಯೂಟಿ ಗೆರೆ ಸೊನ್ನೆಗೆ ತರ್ರಿ. ಎಷ್ಟೋ ಫೋನಿನಾಗ ಅದು ತಾನೇ ಚಾಲೂ ಇರ್ತದೆ, ಒಮ್ಮೆ ಒಳಗೆ ಹೋಗಿ ನೋಡ್ರಿ.

7. ಹಿರಿಯರ ಮುಖದ ಜೊತಿ ಕೈ ಕೂಡ ಬರಲಿ. ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡ್ರಿ, ಫೋನ್ ಇವತ್ತು ಇರ್ತದೆ, ನಾಳೆ ಗದ್ದೆಯ ನೀರಿನಾಗ ಬೀಳ್ತದೆ.

ಇಷ್ಟೆಲ್ಲ ಬರೆದು ಒಂದೂ ಫೋಟೋ ಯಾಕ ಹಾಕಿಲ್ಲ ಅಂತ ಕೇಳ್ತೀರಿ. ಮಗಳು ಬ್ಯಾಡ ಅಂದಳು, ಗೆಳತಿ ಬ್ಯಾಡ ಅಂದಳು. ಹಿರಿಯರನ್ನು ಕೇಳಿಲ್ಲ, ಕೇಳದೇ ಹಾಕೋದಿಲ್ಲ. ಅವರವರ ಮುಖ ಅವರವರ ಮನ್ಯಾಗ ಐತಿ. ನಾನು ಕೆಳಗೆ ಹಾಕಿದ್ದು ಖಾಲಿ ಕುರ್ಚಿ, ಕಂಬಳಿ, ಥರ್ಮೋಕೋಲು ಮತ್ತು ಕಿಟಕಿ. ಅದರಾಗ ಬೆಳಕು ಹೆಂಗ ಬೀಳ್ತದ ಅಂತ ನೋಡಿಕೊಳ್ರಿ.

ನಿಮ್ಮ ಮನ್ಯಾಗ ಹಿರಿಯರು ಇದ್ದರೆ, ಮುಂದಿನ ಮಳೆಗಾಲದ ತನಕ ಕಾಯಬ್ಯಾಡ್ರಿ. ನಮ್ಮ ಊರಿನ ಸುತ್ತಮುತ್ತ ಇರೋರು ಕರಕೊಂಡು ಬರ್ರಿ, ಬರುವಾಗ ಹೊಸ ಸೀರೆ ಉಡಿಸಿಕೊಂಡು ಬರಬೇಕಂತಿಲ್ಲ. ಮುಂಜಾನೆ ಒಂಬತ್ತರಿಂದ ಹನ್ನೊಂದರೊಳಗ. ಮುಂದಿನ ಸಲ ರವದಿ ಮುಚ್ಚಿಗೆಯ ಎರಡನೇ ಭಾಗ ತಪ್ಪದೇ ಬರೀತೀನಿ.